ಆರರ ಜಾಗದಲ್ಲಿ ಏಳು

ಆ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡುವವನನ್ನು ಎಲ್ಲರೂ ಪುಕ್ಕಲು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಹೆದರುವುದು ಅವನಿಗೆ ಹಸಿವು ನಿದ್ದೆಯಷ್ಟೇ ಸಹಜ. ಅಂಗಡಿಯ ಷಟರ್ ಎತ್ತುವಾಗ ಅದು ಜಾರಿ ತಲೆಯ ಮೇಲೆ ಬಿದ್ದರೆ ಎಂದು ಹೆದರುತ್ತಿದ್ದ. ಎತ್ತಿದ ಮೇಲೆ ಒಳಗೆ ಹಾವು ಸೇರಿಕೊಂಡಿದ್ದರೆ ಎಂದು ಟಯರುಗಳ ರಾಶಿಯನ್ನು ಕೋಲಿನಿಂದ ತಟ್ಟುತ್ತಿದ್ದ. ಬರೀ ಬ್ರೇಕ್ ಸರಿಮಾಡಿಸಲು ಬಂದವರ ಹ್ಯಾಂಡಲ್ಲು, ಪೆಡಲ್ಲು, ಸೀಟು ಎಲ್ಲವನ್ನೂ ಬಿಗಿ ಮಾಡಿ, ಅವರು ಹೊರಟ ಮೇಲೂ "ಇಳಿಜಾರಲ್ಲಿ ಹುಷಾರು!" ಎಂದು ಹಿಂದಿನಿಂದ ಕೂಗುತ್ತಿದ್ದ. ಜನ ನಗುತ್ತಿದ್ದರು. ನಕ್ಕುಕೊಂಡೇ ತಮ್ಮ ಮಕ್ಕಳ ಸೈಕಲ್ಲುಗಳನ್ನೂ ಅವನ ಕೈಗೇ ಒಪ್ಪಿಸುತ್ತಿದ್ದರು.

ಹೆಂಡತಿ ಅವನಿಗೆ ತದ್ವಿರುದ್ಧ. ಆಕೆ ನರ್ಸು. ಗುಡ್ಡದ ಮೇಲಿನ ಬಡಾವಣೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವುದು, ಬಾಣಂತಿಯರನ್ನು ವಿಚಾರಿಸಿಕೊಂಡು ಬರುವುದು ಅವಳ ಕೆಲಸ. ಐಸು ತುಂಬಿದ ಲಸಿಕೆ ಡಬ್ಬವನ್ನು ಕ್ಯಾರಿಯರಿಗೆ ಬಿಗಿದು, ಗೇರಿನ ಸೈಕಲ್ಲಿನಲ್ಲಿ ಗುಡ್ಡ ಹತ್ತುತ್ತಿದ್ದಳು. ಮೈಕಟ್ಟಿನಲ್ಲೂ ಇಬ್ಬರದು ಬೇರೆ ಬೇರೆ ದಾರಿ. ಅವನು ಕಡ್ಡಿ ಪೈಲ್ವಾನ್, ಅವಳು ತುಂಬಿದ ಮೈಯ ಗಟ್ಟಿಗಿತ್ತಿ. "ನೀವು ಹತ್ತಿ ಕೂತ್ರೆ ಸೈಕಲ್ಲಿಗೇ ಗೊತ್ತಾಗಲ್ಲ ರೀ" ಎಂದು ರೇಗಿಸುತ್ತಿದ್ದಳು.

ಗುಡ್ಡದ ದಾರಿಯ ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ಮೇಲೆ ಕಲ್ಲಿನ ಕ್ವಾರಿ ಇದ್ದುದರಿಂದ ಜಲ್ಲಿ ತುಂಬಿದ ಲಾರಿಗಳು ದಿನವಿಡೀ ಇಳಿಯುತ್ತಿದ್ದವು. ಮದುವೆಯಾದ ಹೊಸದರಲ್ಲಿ ಮೇಸ್ತ್ರಿ ಒಮ್ಮೆ ಹೆಂಡತಿಯ ಜೊತೆ ಹತ್ತಲು ಹೋಗಿ, ಎರಡನೇ ತಿರುವಿನಲ್ಲಿ ಲಾರಿಯೊಂದು ತೋಳು ಸವರಿಕೊಂಡು ಹೋದಂತಾಗಿ, ಅಲ್ಲಿಂದಲೇ ಹಿಂದಿರುಗಿದ್ದ. ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಅವಳು ಹೊರಟ ದಿನಗಳಲ್ಲಿ, ಅವಳ ಸೈಕಲ್ಲಿನ ಗಂಟೆ ಬೀದಿಯ ಕೊನೆಯಲ್ಲಿ ಮತ್ತೆ ಕೇಳುವ ತನಕ ಅವನ ಜೀವ ಕೈಯಲ್ಲಿರುತ್ತಿತ್ತು.

ಅವಳ ಸೈಕಲ್ಲು ಹಳೆಯದು. ಹಿಂದಿನ ಚಕ್ರದ ಫ್ರೀವೀಲಿನಲ್ಲಿ ಆರು ಹಲ್ಲುಬಿಲ್ಲೆಗಳು, ಚಿಕ್ಕದು ಹೊರಗೆ, ದೊಡ್ಡದು ಒಳಗೆ ಕಡ್ಡಿಗಳ ಪಕ್ಕ. ಗೇರು ಬದಲಿಸಿದಾಗ ಬಿಲ್ಲೆಗಳ ಕೆಳಗೆ ಜೋತಿರುವ ಗೇರಿನ ತೋಳು ಚೈನನ್ನು ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ಸರಿಸುತ್ತದೆ. ಏರು ಹತ್ತುವಾಗ ಬೇಕಾಗುವುದು ಒಳಗಿನ ದೊಡ್ಡ ಬಿಲ್ಲೆ. ಅದರ ಹಲ್ಲುಗಳೇ ಸವೆದು, ಭಾರ ಬಿದ್ದಾಗಲೆಲ್ಲ ಚೈನು ಜಾರತೊಡಗಿತ್ತು. ಅದು ಗೊತ್ತಾದ ದಿನದಿಂದ ಮೇಸ್ತ್ರಿಗೆ ಅನ್ನ ಇಳಿಯಲಿಲ್ಲ.

ಹೊಸ ಫ್ರೀವೀಲಿಗಾಗಿ ಅವನು ಅಲೆಯದ ಅಂಗಡಿಯಿಲ್ಲ. ಈಗಿನ ಗೇರುಗಳೇ ಬೇರೆ, ಅವು ಕೂರುವ ರೀತಿಯೇ ಬೇರೆ. ಹಳೆಯ ಚಕ್ರದ ಮರೆ, ಅಂದರೆ ತಿರುಪಿನ ಸುತ್ತು, ಹೊಸದಕ್ಕಿಲ್ಲ. ದೊಡ್ಡ ಶೋರೂಮಿನವನು ಸವೆದ ಬಿಲ್ಲೆಯನ್ನು ಬೆರಳ ತುದಿಯಲ್ಲಿ ಹಿಡಿದು, "ಮೇಸ್ತ್ರಿ, ಇದಕ್ಕೆ ಪಾರ್ಟು ಹುಡುಕೋದು ಬಿಟ್ಟು ಹೊಸ ಸೈಕಲ್ ಹುಡುಕಿ" ಎಂದ. ಮನೆಗೆ ಬಂದು ಹೇಳಿದರೆ ಹೆಂಡತಿ ಸುತರಾಂ ಒಪ್ಪಲಿಲ್ಲ.

"ಬೇರೆ ಸೈಕಲ್ ತುಳಿದ್ರೆ ನನ್ನ ಸೊಂಟ ಹಿಡ್ಕೊಳ್ಳುತ್ತೆ. ಇದು ನನ್ನ ಮೈಗೆ ಒಗ್ಗಿಹೋಗಿದೆ. ನೀವೇ ಏನಾದ್ರೂ ಮಾಡಿ."

ಕೊನೆಗೆ ಗುಜರಿ ಅಂಗಡಿಯ ಮುದುಕನ ಬಳಿ, ತುಕ್ಕು ಹಿಡಿದ ತಗಡಿನ ಡಬ್ಬದಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿದ ಎರಡು ಫ್ರೀವೀಲುಗಳು ಸಿಕ್ಕವು. ಹೊಚ್ಚ ಹೊಸವು, ಹಳೆಯ ಕಾಲದವು. ಮರೆಯೂ ಹೊಂದಿತು. ಆದರೆ ಬಿಲ್ಲೆ ಎಣಿಸಿದರೆ ಆರರ ಬದಲು ಏಳು. "ಒಂದು ಜಾಸ್ತಿ ಬಂದ್ರೆ ಬೇಡ ಅಂತೀಯಲ್ಲೋ, ಎಂಥಾ ಗಿರಾಕಿ ನೀನು!" ಎಂದು ಮುದುಕ ನಕ್ಕ. ಮೇಸ್ತ್ರಿ ಎರಡನ್ನೂ ತಂದ. ಒಂದನ್ನು ಹೆಂಡತಿಯ ಸೈಕಲ್ಲಿಗೆ ಹಾಕಿದ. ಇನ್ನೊಂದನ್ನು, ಅದೇ ಮಾದರಿಯ ಹಳೆ ಸೈಕಲ್ಲಿಗೆ ಪಾರ್ಟು ಸಿಗದೆ ಒದ್ದಾಡುತ್ತಿದ್ದ ಬೇಕರಿಯವನಿಗೆಂದು ಇಟ್ಟುಕೊಂಡ.

ಆರರ ಜಾಗದಲ್ಲಿ ಏಳನ್ನು ಕೂರಿಸುವುದು ಇಬ್ಬರ ಬೆಂಚಿನಲ್ಲಿ ಮೂವರನ್ನು ಕೂರಿಸಿದ ಹಾಗೆ. ಹೊರಗಿನ ಬಿಲ್ಲೆ ಫ್ರೇಮಿಗೆ ಉಜ್ಜದಂತೆ ಅಚ್ಚಿಗೆ ವಾಷರು ಕೊಟ್ಟ. ಚಕ್ರವನ್ನು ಪಕ್ಕಕ್ಕೆ ಸರಿಸಿ ಕಡ್ಡಿಗಳನ್ನೆಲ್ಲ ಮತ್ತೆ ಎಳೆದು ಕಟ್ಟಿದ. ಗೇರಿನ ತೋಳು ಒಳಬಿಲ್ಲೆಯ ತನಕ ಹೋಗುವಂತೆ ಸ್ಕ್ರೂ ಸಡಿಲಿಸಿದ. ಅಲ್ಲಿಗೆ ಹೋದಾಗ ತೋಳಿಗೂ ಕಡ್ಡಿಗಳಿಗೂ ನಡುವೆ ಒಂದು ರಟ್ಟಿನಷ್ಟು ಸಂದು ಉಳಿಯಿತು. ಸ್ಟ್ಯಾಂಡಿನ ಮೇಲೆ ಕೈಯಲ್ಲಿ ತಿರುಗಿಸಿ ನೋಡಿದ, ತಾಗಲಿಲ್ಲ. ಮನಸ್ಸು ಒಪ್ಪದೆ, ತನ್ನ ಪದ್ಧತಿಯಂತೆ ತಾನೇ ಹತ್ತಿ, ನೀರಿನ ಟ್ಯಾಂಕಿನ ಹತ್ತಿರದ ದಿಬ್ಬವನ್ನು ನಿಂತು ತುಳಿದು ಏರಿ ಬಂದ. ಚೂರೂ ಶಬ್ದವಿಲ್ಲ. ಮಾರನೆಯ ದಿನ ಬೆಳಿಗ್ಗೆ ಹೆಂಡತಿ ಡಬ್ಬ ಕಟ್ಟಿಕೊಂಡು ಹೊರಟಾಗ, ಎಷ್ಟೋ ದಿನಗಳ ಮೇಲೆ ಅವನು ನಿಶ್ಚಿಂತೆಯಿಂದ ಚಹಾ ಕುಡಿದ.

ಅವಳು ಹೋದ ಸ್ವಲ್ಪ ಹೊತ್ತಿಗೆ ಬೇಕರಿಯವನು ಬಂದ. ಅವನ ಸೈಕಲ್ಲೂ ಸಿದ್ಧವಾಗಿತ್ತು. ಬೇಕರಿಯವನು ಆಳು ಭಾರಿ. ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಅಲ್ಲಾಡಿಸಿ ನೋಡುವ ಜಾತಿ. ಸೈಕಲ್ ಹತ್ತಿ ಅಂಗಡಿಯ ಮುಂದೆ ಒಂದು ಸುತ್ತು ಹಾಕಿದ, ಏರಿನ ಗೇರಿಗೆ ಬದಲಿಸಿ ಪೆಡಲ್ ಮೇಲೆ ನಿಂತ.

ಟಿಣ್, ಟಿಣ್, ಟಿಣ್.

"ಏನ್ ಮೇಸ್ತ್ರಿ, ಹಿಂದ್ಗಡೆ ಯಾರೋ ಲೋಟ ಬಡೀತಾ ಅವ್ರೆ!"

"ಇಳೀರಿ."

ಮೇಸ್ತ್ರಿ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದ. ಶಬ್ದವಿಲ್ಲ. ತಾನೇ ಹತ್ತಿ ತುಳಿದ. ಶಬ್ದವಿಲ್ಲ. "ಈಗ ನೀವು ಹತ್ತಿ" ಎಂದು ಹೇಳಿ, ಬೇಕರಿಯವನು ತುಳಿಯುವಾಗ ಪಕ್ಕದಲ್ಲೇ ಬಗ್ಗಿಕೊಂಡು ಓಡಿದ. ಆ ಭಾರಕ್ಕೆ ಚಕ್ರ ಕೂದಲೆಳೆಯಷ್ಟು ಬಾಗುತ್ತಿತ್ತು. ಬಾಗಿದಾಗಲೆಲ್ಲ ಕಡ್ಡಿಗಳು ಗೇರಿನ ತೋಳನ್ನು ಮುಟ್ಟಿ ಹೋಗುತ್ತಿದ್ದವು. ಇನ್ನೊಂದು ಕೂದಲೆಳೆ ಬಾಗಿದರೆ ತೋಳು ಕಡ್ಡಿಗಳ ನಡುವೆ ಸಿಕ್ಕಿ ಚಕ್ರ ನಿಂತ ನಿಲುವಿನಲ್ಲಿ ಹಿಡಿದುಕೊಳ್ಳುತ್ತದೆ.

ಇಷ್ಟು ವರ್ಷ ಮೇಸ್ತ್ರಿ ಪ್ರತಿ ಸೈಕಲ್ಲನ್ನೂ ತಾನೇ ಹತ್ತಿ ನೋಡಿ ಕೊಟ್ಟಿದ್ದ. ತನ್ನ ಭಾರವೇ ಎಲ್ಲರ ಭಾರ ಎಂದುಕೊಂಡಿದ್ದ. ಆರು ಬಿಲ್ಲೆಯ ಗೇರುಗಳಲ್ಲಿ ಸಂದು ಧಾರಾಳವಾಗಿ ಇರುತ್ತಿದ್ದುದರಿಂದ ಅದು ನಡೆದುಹೋಗಿತ್ತು. ಇಲ್ಲಿ ಉಳಿದದ್ದು ಒಂದು ರಟ್ಟಿನಷ್ಟು. ಹೆಂಡತಿಯ ಸೈಕಲ್ಲಿನಲ್ಲೂ ಅಷ್ಟೇ, ಅವಳ ಭಾರದ ಜೊತೆ ಐಸು ತುಂಬಿದ ಡಬ್ಬವೂ ಇದೆ.

ಫೋನ್ ಮಾಡಿದ. ಬಾರಿಸಿ ಬಾರಿಸಿ ನಿಂತಿತು. ಗುಡ್ಡ ಹತ್ತುವಾಗ ಯಾರ ಫೋನು ಬಂದರೂ ಎತ್ತಕೂಡದು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದವನು ಅವನೇ.

"ಏನಾಯ್ತು ಮೇಸ್ತ್ರಿ? ಮುಖ ಬಿಳಿಚಿಕೊಂಡಿದೆಯಲ್ಲ" ಎಂದ ಬೇಕರಿಯವನು. ಕೈಗೆ ಸಿಕ್ಕ ಗೇರಿಲ್ಲದ ಸೈಕಲ್ಲೊಂದನ್ನು ಎಳೆದುಕೊಂಡು ಮೇಸ್ತ್ರಿ ಬೀದಿಗಿಳಿದ. ಅಂಗಡಿ ತೆರೆದೇ ಇತ್ತು.

ಮೊದಲ ತಿರುವಿನ ತನಕ ತುಳಿದ. ಅಲ್ಲಿಂದ ಕಾಲು ಸೋತು, ಸೈಕಲ್ಲನ್ನು ಬಂಡೆಗೆ ಒರಗಿಸಿ ಓಡಿದ. ಎರಡನೇ ತಿರುವು ಬಂದದ್ದೂ ಗೊತ್ತಾಗಲಿಲ್ಲ. ಲಾರಿಯೊಂದು ಹಾರ್ನ್ ಹೊಡೆಯುತ್ತಾ ಮೈಮೇಲೆ ಧೂಳು ಎರಚಿ ಇಳಿದುಹೋಯಿತು. ಆ ಲಾರಿಯ ಚಕ್ರಗಳನ್ನೇ ನೋಡಿದ, ಅವುಗಳಿಗೆ ಏನಾದರೂ ಅಂಟಿಕೊಂಡಿದೆಯೇ ಎಂದು. ಹಾಗೆ ನೋಡಿದ್ದಕ್ಕೆ ತನಗೇ ಉಗಿದುಕೊಂಡ. ರಸ್ತೆಯ ಖಾಲಿ ಅಂಚಿಗೆ ಹೋಗಿ ಕೆಳಗೆ ಇಣುಕಲು ಧೈರ್ಯ ಸಾಲಲಿಲ್ಲ. ಇಣುಕದೆ ಮುಂದೆ ಹೋಗಲೂ ಆಗಲಿಲ್ಲ. ಪ್ರತಿ ತಿರುವಿನಲ್ಲೂ ನೆಲದ ಮೇಲೆ ಬೋರಲು ಮಲಗಿ, ತಲೆಯಷ್ಟನ್ನೇ ಅಂಚಿನಾಚೆ ಚಾಚಿ ನೋಡಿದ. ಕೆಳಗೆ ಬರೀ ಪೊದೆಗಳು. ಒಂದು ಕಡೆ ಪೊದೆಯಲ್ಲಿ ಬಿಳಿಯದೇನೋ ಕಂಡಿತು. ಗಾಳಿಗೆ ಹಾರಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ ಅದು.

ಮುಂದಿನ ತಿರುವಿನಾಚೆ ಒಂದು ಲಾರಿ ಅಡ್ಡಡ್ಡ ನಿಂತಿತ್ತು. ಅದರ ಮುಂದಿನ ಚಕ್ರದ ಕೆಳಗೆ ಲಸಿಕೆ ಡಬ್ಬ ಅಪ್ಪಚ್ಚಿಯಾಗಿ ಬಿದ್ದಿತ್ತು. ಐಸು ಕರಗಿ ರಸ್ತೆಯ ಮೇಲೆ ಹರಿಯುತ್ತಿತ್ತು. ಮೇಸ್ತ್ರಿ ಗೋಡೆ ಹಿಡಿದು ನಡೆಯುವ ರೋಗಿಯ ಹಾಗೆ ಲಾರಿಯ ಮೈಯನ್ನು ಹಿಡಿದು ಹಿಡಿದು ಆಚೆ ಬದಿಗೆ ಬಂದ.

ಅವಳು ಬಂಡೆಗೆ ಒರಗಿ ಕೂತಿದ್ದಳು. ಎಡಗೈಯನ್ನು ಬಲಗೈಯಲ್ಲಿ ಎದೆಗೆ ಅವುಚಿಕೊಂಡಿದ್ದಳು. ಹಣೆಯ ಮೇಲೆ ರಕ್ತದ ಗೆರೆ. ಕಣ್ಣು ತೆರೆದಿತ್ತು. ಲಾರಿ ಡ್ರೈವರ್ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದ.

"ಸೈಕಲ್ಲು ಇದ್ದಕ್ಕಿದ್ದಂಗೆ ನಿಂತ್ಬಿಡ್ತು ಸಾರ್," ಎಂದ ಡ್ರೈವರ್. "ಅಕ್ಕ ಈ ಕಡೆ ಬಿದ್ರು. ಡಬ್ಬ ಆ ಕಡೆ ಬಿತ್ತು. ಅಕ್ಕ ಏನಾದ್ರೂ ಆ ಕಡೆ..."

"ಏನಿಲ್ಲ ರೀ, ಕೈ ಮುರಿದಿರ್ಬೇಕು ಅಷ್ಟೆ," ಎಂದಳು ಹೆಂಡತಿ. "ನಂದೇ ತಪ್ಪು. ಗೇರು ಹಾಕೋಕೆ ಆತುರಪಟ್ಟೆ."

ಡ್ರೈವರ್ ತಲೆಯಾಡಿಸಿದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಮಾತು ಮುಗಿದೇ ಹೋಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮೇಸ್ತ್ರಿಗೆ ಸುಮ್ಮನಿರಬೇಕೆಂದು ಅನ್ನಿಸಿತು ಕೂಡ. ಇನ್ನು ಮುಂದೆ ಅವಳು ತನ್ನನ್ನು ಯಾವ ಕಣ್ಣಿನಲ್ಲಿ ನೋಡುತ್ತಾಳೋ ಎಂದು ನೆನೆದ. ಮಗುಚಿ ಬಿದ್ದಿದ್ದ ಸೈಕಲ್ಲಿನ ಕಡೆ ನೋಡಿದ. ಗೇರಿನ ತೋಳು ಕಡ್ಡಿಗಳೊಳಗೆ ನುಗ್ಗಿ ತಿರುಚಿಕೊಂಡಿತ್ತು.

"ನಿಂದಲ್ಲ, ನಂದು," ಎಂದ. "ಸಂದು ಸಾಲ್ದು. ನಾನು ನನ್ನ ಭಾರ ಹಾಕಿ ನೋಡಿದ್ದೆ. ನಿನ್ನ ಭಾರಕ್ಕೆ ಏನಾಗುತ್ತೆ ಅಂತ ಯೋಚ್ನೆನೇ ಮಾಡ್ಲಿಲ್ಲ ಕಣೇ."

ಅವಳೂ ಆ ತಿರುಚಿದ ತೋಳಿನ ಕಡೆ ನೋಡಿದಳು.

"ಮೊದಲನೇ ತಿರುವಿಂದಾನೂ ಟಿಣ್ ಟಿಣ್ ಅಂತಾನೇ ಇತ್ತು ರೀ."

"ಕೇಳಿಸ್ತಿತ್ತಾ? ಮತ್ಯಾಕೆ ಇಳೀಲಿಲ್ಲ?"

"ಬೇರೆ ಯಾರಾದ್ರೂ ಹಾಕಿಕೊಟ್ಟಿದ್ರೆ ಇಳೀತಿದ್ದೆ," ಎಂದಳು. ದನಿಯಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. "ಎಷ್ಟು ಹೆದರ್ತೀರಿ ನೀವು! ಅಪಾಯ ಇದ್ದಿದ್ರೆ ಇವ್ರು ನನ್ನನ್ನ ಕಳಿಸ್ತಾನೇ ಇರ್ಲಿಲ್ಲ ಅಂದ್ಕೊಂಡು ತುಳಿದೆ."

ಡ್ರೈವರ್ ಲಾರಿಯ ಬಾಗಿಲು ತೆರೆದು, ಆಸ್ಪತ್ರೆಗೆ ಬಿಡುತ್ತೇನೆ ಬನ್ನಿ ಎಂದು ಕರೆದ. ಅವಳು ಏಳಲು ಆಸರೆಗಾಗಿ ಬಲಗೈ ಚಾಚಿದಳು. ಮೇಸ್ತ್ರಿಯ ಕೈ ಅರ್ಧಕ್ಕೇ ನಿಂತಿತು. ಅಷ್ಟೇ ನಂಬಿಕೆಯಿಂದ ಚಾಚಿದ ಆ ಕೈಯನ್ನು ಹಿಡಿದುಕೊಳ್ಳಲು ಅವನಿಗೆ ಹೆದರಿಕೆಯಾಯಿತು.