ಹೆಂಡತಿಗೆಂದು ಕೊಂಡ ಆರೂವರೆ

ಹಾಲ್ವರ್ ಹೌಗ್ಸೆತ್‌ನ ಕೋವಿಗೆ ಊರಿನಲ್ಲಿದ್ದ ಮರ್ಯಾದೆ ಹಾಲ್ವರ್‌ಗೆ ಇರಲಿಲ್ಲ. ದೊಡ್ಡ ತೋಟಾದ ಮ್ಯಾಗ್ನಮ್ ರೈಫಲ್ ಅದು. ಹಾರಿಸಿದರೆ ನದಿಯಾಚೆಯ ಹಸುಗಳೂ ತಲೆ ಎತ್ತುತ್ತಿದ್ದವು. ಬೇಟೆ ತಂಡದಲ್ಲಿ ಯಾರಾದರೂ ಆರೂವರೆ ಮಿಲಿಮೀಟರಿನ ಸಣ್ಣ ತೋಟಾದ ಕೋವಿ ತಂದರೆ, "ಏನಪ್ಪಾ, ಗುಬ್ಬಿ ಹೊಡೆಯೋಕೆ ಹೊರಟ್ಯಾ?" ಎಂದು ಅವನು ಕೇಳದೆ ಬಿಟ್ಟವನಲ್ಲ.

ಈಗ ಅದೇ ಕೋವಿ ಅವನಿಗೇ ತಿರುಗಿಬಿದ್ದಿತ್ತು. ಬಡಗಿ ಕೆಲಸದಲ್ಲಿ ಸವೆದ ಬಲಭುಜ ಅದರ ಒದೆತ ತಾಳುತ್ತಿರಲಿಲ್ಲ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ತಾನಾಗಿ ಮುಚ್ಚುತ್ತಿತ್ತು, ನಳಿಗೆ ಅತ್ತ ಹೊರಳುತ್ತಿತ್ತು. ಮೂಸ್ ಎಂಬ ಭಾರೀ ಕಾಡುಜಿಂಕೆಯ ಬೇಟೆಗೆ ಹೋಗುವವರೆಲ್ಲ ಪ್ರತಿ ವರ್ಷ ನೂರು ಮೀಟರ್ ದೂರದ ಗುರಿಗೆ ಐದು ಗುಂಡು ಹಾಕಿ ಪಾಸಾಗಬೇಕು. ಹಾಲ್ವರ್ ಈ ಬೇಸಿಗೆಯಲ್ಲಿ ಎರಡು ಸಲ ಹೋಗಿ ಎರಡು ಸಲವೂ ಇಂಗು ತಿಂದ ಮಂಗನಂತೆ ಮರಳಿದ್ದ. ಇನ್ನೊಮ್ಮೆ ತಪ್ಪಿದರೆ ಜೌಗಿನ ಅಂಚಿನಲ್ಲಿ ಅವನಪ್ಪ ಕಾದು ಕೂರುತ್ತಿದ್ದ ಜಾಗ ಕೈಬಿಡುತ್ತಿತ್ತು. ತಂಡದಲ್ಲಿ ಕೋವಿ ಹಿಡಿದು ಕೂರಲು ಮನೆಗೊಂದೇ ಜಾಗ. ಅದು ಹೋದರೆ ಬೇಟೆಯ ಕಾಲದುದ್ದಕ್ಕೂ ಅಡುಗೆಮನೆಯಲ್ಲಿ ಕೂತು ಬೇರೆಯವರ ಗುಂಡಿನ ಸದ್ದು ಕೇಳಬೇಕು.

ಬುದ್ಧಿ ಇದ್ದವರು ಒದೆಯದ ಕೋವಿ ಕೊಂಡು ಸುಮ್ಮನಾಗುತ್ತಾರೆ. ಹಾಲ್ವರ್ ಕೊಂಡ, ಸುಮ್ಮನಾಗಲಿಲ್ಲ.

"ನನ್ನ ಹೆಂಡ್ತಿಗೆ ಬೇಕಿತ್ತು," ಎಂದ, ಎಲ್ವೆರುಮ್ ಪೇಟೆಯ ಕೋವಿ ಅಂಗಡಿಯಲ್ಲಿ.

ಅಂಗಡಿಯ ಆಸ್ಮುಂಡ್ ಪರವಾನಗಿಯ ಮೇಲಿದ್ದ ಹೆಸರು ನೋಡಿದ. ಹಾಲ್ವರ್‌ನದೇ. "ಎಷ್ಟು ಎತ್ತರ ಇದಾಳೆ?"

"ಹೆಚ್ಚು ಕಮ್ಮಿ ನನ್ನಷ್ಟೇ."

"ತೋಳಿನ ಉದ್ದ?"

"ಅದೂ ನನ್ನಷ್ಟೇ ಅಂದ್ಕೋ."

"ನೋವಿರೋದು ಬಲಭುಜಾನಾ?"

"ಹೌದು," ಎಂದುಬಿಟ್ಟ ಮೇಲೆ ಹಾಲ್ವರ್‌ಗೆ ಕಿವಿ ಬಿಸಿಯಾಯಿತು.

ಆಸ್ಮುಂಡ್ ನಗು ನುಂಗಿಕೊಂಡ. ಹಾಲ್ವರ್ ಕೈಗೆತ್ತಿಕೊಂಡಿದ್ದ ಹಗುರವಾದ ಕೋವಿಯನ್ನು ಮೆಲ್ಲಗೆ ಕಸಿದು ಬದಿಗಿಟ್ಟ. "ಅದು ಬೇಡ ಮಾರಾಯ. ಕೋವಿ ಹಗುರ ಆದಷ್ಟೂ ಏಟು ಜಾಸ್ತಿ. ಸ್ವಲ್ಪ ಭಾರದ್ದು ತಗೋ, ಹಿಂದೆ ಮೆತ್ತನೆ ರಬ್ಬರು, ಮುಂದೆ ಸದ್ದಡಗಿಸೋ ಕೊಳವೆ. ತೋಟಾ ಆರೂವರೆ. ನಿನ್ನ ಹೆಂಡ್ತಿ ಭುಜಕ್ಕೆ ತಟ್ಟಿದ ಹಾಗೂ ಅನಿಸಲ್ಲ."

"ಆರೂವರೆಗೆ ಮೂಸ್ ಬೀಳುತ್ತಾ?"

"ಶ್ವಾಸಕೋಶಕ್ಕೆ ಹೊಡೆದ್ರೆ ಬೀಳುತ್ತೆ. ಕಣ್ಮುಚ್ಚಿ ಹೊಡೆದ್ರೆ ಫಿರಂಗಿಗೂ ಬೀಳಲ್ಲ."

ಮನೆಗೆ ಬಂದ ಹಾಲ್ವರ್ ಹೆಂಡತಿ ಟುರಿಡ್‌ಗೆ ಉಪಾಯ ವಿವರಿಸಿದ. ಕೋವಿ ಅವಳದೆನ್ನುವುದು, ಪರೀಕ್ಷೆಯ ದಿನ, ತನ್ನ ಮ್ಯಾಗ್ನಮ್‌ನ ದುರ್ಬೀನು ಕೆಟ್ಟಿದೆ ಎಂದು ಹೇಳಿ ಅದನ್ನು ಎರವಲು ಪಡೆಯುವುದು. ಟುರಿಡ್ ತವರಿನಲ್ಲಿ ಅಪ್ಪನ ಜತೆ ಬೇಟೆಗೆ ಹೋಗುತ್ತಿದ್ದವಳು. ಮದುವೆಯಾಗಿ ಬಂದ ಮೇಲೆ, ಮನೆಗೊಂದೇ ಜಾಗವೆಂದು ಫ್ಲಾಸ್ಕಿಗೆ ಕಾಫಿ ತುಂಬುತ್ತ ಉಳಿದುಬಿಟ್ಟಿದ್ದಳು.

"ಸರಿ, ನಂದೇ ಅನ್ನು," ಎಂದವಳೇ ಕೋವಿ ಹೆಗಲಿಗೇರಿಸಿ ಅಭ್ಯಾಸಕ್ಕೆ ಹೊರಟಳು. ಇದು ಹಾಲ್ವರ್‌ನ ಉಪಾಯದಲ್ಲಿ ಇರಲಿಲ್ಲ.

ಪರೀಕ್ಷೆಯ ದಿನ ತಂಡದ ಮುಖ್ಯಸ್ಥೆ, ಮುದುಕಿ ಗುನ್ವೊರ್, ದುರ್ಬೀನಿನ ಕತೆಯನ್ನು ಅಡ್ಡಮಾತಿಲ್ಲದೆ ಕೇಳಿಸಿಕೊಂಡಳು. "ಪಾಪ. ಹಾಗಾದ್ರೆ ಕೋವಿ ಯಜಮಾನ್ತಿ ಮೊದಲು ಹೊಡೀಲಿ."

ಟುರಿಡ್‌ಳ ಐದೂ ಗುಂಡು ಗುರಿಯ ವೃತ್ತದೊಳಗೆ ಬಿದ್ದವು. ಆಮೇಲೆ ಹಾಲ್ವರ್ ಮಲಗಿ ಗುರಿಯಿಟ್ಟ. ಕಣ್ಣು ಮುಚ್ಚಲಿಲ್ಲ. ಅವನವೂ ಐದೂ ಬಿದ್ದವು. ಎದ್ದು ನಿಂತಾಗ ಅವನಿಗೆ ಮಗುವಿನಷ್ಟು ಖುಷಿಯಾಗಿತ್ತು.

"ಇಬ್ಬರೂ ಪಾಸು," ಎಂದಳು ಗುನ್ವೊರ್. "ಆದರೆ ನಿಮ್ಮನೆಗೆ ಇರೋದು ಒಂದೇ ಜಾಗ. ಕೋವಿ ಅವಳದ್ದು. ಅಂದಮೇಲೆ ಜೌಗಿನ ಹತ್ರ ಟುರಿಡ್ ಕೂತ್ಕೋತಾಳೆ, ಅಲ್ವಾ?"

ಹಾಲ್ವರ್‌ನ ಖುಷಿ ಜರ್ರನೆ ಇಳಿಯಿತು. ತಂಡದವರೆಲ್ಲ ತಮ್ಮ ತಮ್ಮ ಕಾಫಿ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತಿದ್ದರು.

"ಕೋವಿ ನಂದು," ಎಂದ ಕೊನೆಗೆ. "ಭುಜ ಹೋಗಿದೆ. ದೊಡ್ಡದನ್ನ ಹಿಡಿದ್ರೆ ಹೆದರಿ ಕಣ್ಣು ಮುಚ್ತೀನಿ."

"ಅದು ಹೋದ ವರ್ಷಾನೇ ಎಲ್ಲರಿಗೂ ಗೊತ್ತಿತ್ತು," ಎಂದಳು ಗುನ್ವೊರ್. "ನಿನಗೆ ಗೊತ್ತಾಗ್ಲಿ ಅಂತ ಕಾಯ್ತಿದ್ವಿ. ಸರಿ, ಜಾಗ ನಿಂದೇ."

ಹಾಲ್ವರ್‌ಗೆ ಉಸಿರು ಬಂತು. ತಿರುಗಿ ನೋಡಿದರೆ ಟುರಿಡ್ ತನ್ನ ಗುರಿಯ ಕಾಗದವನ್ನು ಸುಕ್ಕಾಗದಂತೆ ಮಡಿಸಿ ಕೋಟಿನ ಒಳಜೇಬಿಗೆ ಇಡುತ್ತಿದ್ದಳು. ಯಾರಿಗೂ ಕಾಣದಂತೆ ಇಡುತ್ತಿದ್ದಳು. ಅವನು ಮತ್ತೆ ಗುನ್ವೊರ್ ಕಡೆ ತಿರುಗಿದ.

"ಬೇಡ. ಅವಳೇ ಕೂರಲಿ," ಎಂದ.

"ನೀನು?"

"ನಾನು ನಾಯಿ ಜತೆ ಪೊದೆ ನುಗ್ಗಿ, ಕೂಗಿ ಮೂಸ್ ಎಬ್ಬಿಸ್ತೀನಿ."

"ಒಳ್ಳೇದು. ಬೊಗಳೋದು ನಿನಗೆ ಹೊಸದೇನಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಟುರಿಡ್ ನಗಲಿಲ್ಲ. ಹತ್ತಿರ ಬಂದು ಅವನ ಬಲಭುಜದ ಮೇಲೆ, ನೋಯದ ಹಾಗೆ, ಕೈಯಿಟ್ಟಳು.

"ಈ ಮಾತು ಬರೋಕೆ ನಿನ್ನ ಭುಜ ಹಾಳಾಗಬೇಕಾಯ್ತಲ್ಲ," ಎಂದಳು.