ಸಾವಿನ ಕಾಲಂ ಖಾಲಿಯಿದ್ದ ರಿಜಿಸ್ಟರ್

ರಾಮನಗರ ಹೊಸ ಜಿಲ್ಲೆಯಾಗಿ ಎರಡು ಮೂರು ವರ್ಷ ಕಳೆದಿದ್ದ ಕಾಲ. ನಾನಾಗ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಬಾಕಿಯಿತ್ತು. ನಾನು ವಾರ್ಡಿಗೆ ಕಾಲಿಟ್ಟರೆ ಹಾಸಿಗೆಯ ಚಾದರಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂದು ನಮ್ಮ ಸಿಸ್ಟರ್‌ಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು. ಸಿಟ್ಟು ಬಂದವಳಂತೆ ನಟಿಸಿದೆನಾದರೂ ಒಳಗೊಳಗೇ ಖುಷಿಯಾಗಿತ್ತು. ಈ ಹೆಸರಿನಿಂದಾಗಿಯೇ ಎಲ್ಲಿ ತಪಾಸಣೆ ಇದ್ದರೂ ಮೇಲಿನವರು ನನ್ನನ್ನೇ ಕಳಿಸುತ್ತಿದ್ದರು.

ಆ ಸಲ ಕಳಿಸಿದ್ದು ಮಾಗಡಿಯಿಂದ ಸೋಲೂರಿಗೆ ಹೋಗುವ ರಸ್ತೆಯ ಪಕ್ಕದ ಒಂದು ಪುಟ್ಟ ಆರೈಕೆ ಕೇಂದ್ರಕ್ಕೆ. ವಾಸಿಯಾಗುವ ಹಂತ ದಾಟಿದ ರೋಗಿಗಳಿಗೆ ನೋವು ತಗ್ಗಿಸಿ, ಉಳಿದ ದಿನಗಳನ್ನು ಸಹನೀಯವಾಗಿಸುವ ಪ್ಯಾಲಿಯೇಟಿವ್ ಕೇರ್ ಅಲ್ಲಿ ನಡೆಯುತ್ತಿತ್ತು. ಆಗ ನಮ್ಮ ಕಡೆ ಆ ಹೆಸರನ್ನು ಕೇಳಿದವರೇ ಕಡಿಮೆ. ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಔಷಧಿಯನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಅವರ ಪರವಾನಗಿ ಮುಂದುವರಿಯಬೇಕಾದರೆ ನನ್ನ ಶಿಫಾರಸು ಬೇಕಿತ್ತು.

ನನ್ನ ಕೈಗೆ ಕೊಟ್ಟಿದ್ದು ನಲವತ್ತೆರಡು ಪ್ರಶ್ನೆಗಳ ನಮೂನೆ. ಹೆಚ್ಚಿನವಕ್ಕೆ ಅಂಕಗಳಿದ್ದವು. ಮೂವತ್ತೇಳನೆಯದಕ್ಕೆ ಮಾತ್ರ ಅಂಕವಿರಲಿಲ್ಲ. ‘ಗಂಭೀರ ಸ್ಥಿತಿಯ ರೋಗಿಗಳನ್ನು ಸಂಸ್ಥೆಯು ಹೊರಗೆ ಕಳಿಸಿದೆಯೇ?’ ಉತ್ತರ ಹೌದು ಎಂದಾದರೆ ಉಳಿದದ್ದರಲ್ಲಿ ಎಷ್ಟೇ ಅಂಕ ಬಂದಿದ್ದರೂ ಶಿಫಾರಸು ಇಲ್ಲ. ಸಾಯುವವರನ್ನು ಕೊನೇ ಗಳಿಗೆಯಲ್ಲಿ ಸಾಗಹಾಕಿ ತಮ್ಮ ಲೆಕ್ಕ ಚೊಕ್ಕಟವಾಗಿಟ್ಟುಕೊಳ್ಳುವ ಆಸ್ಪತ್ರೆಗಳನ್ನು ನಾನೇ ಕಂಡಿದ್ದೆ. ಹಾಗಾಗಿ ಆ ಪ್ರಶ್ನೆ ಬರೆದವರ ಬಗ್ಗೆ ನನಗೆ ಗೌರವವಿತ್ತು.

ರಾಮನಗರದಿಂದ ಬೆಳಗಿನ ಬಸ್ಸು ಹಿಡಿದು ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕಿಟಕಿಯಾಚೆ ಸಾವನದುರ್ಗದ ಬಂಡೆ ಕಂಡಿತೆಂದರೆ ಮಾಗಡಿ ಇನ್ನೇನು ಬಂತು ಎಂದೇ ಲೆಕ್ಕ. ಮಾಗಡಿಯಲ್ಲಿ ಇಳಿದು, ಕಾಫಿ ಕುಡಿದು, ಸೋಲೂರಿನ ಬಸ್ಸು ಹತ್ತಿದೆ. ಹಾಲಿನ ಕ್ಯಾನುಗಳ ನಡುವೆ ಕಾಲೂರಲು ಜಾಗವಿರಲಿಲ್ಲ. ಕಂಡಕ್ಟರನಿಗೆ ಕೇಂದ್ರದ ಹೆಸರು ಹೇಳಿದರೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಅದೇ ಕಣಣ್ಣ, ಜಯಕ್ಕನ ಮನೆ" ಎಂದಳು. ಆತ ಕೂಡಲೇ ಸೀಟಿ ಊದಿದ.

ಜಯಕ್ಕ ಎಂದರೆ ಅಲ್ಲಿನ ಹಿರಿಯ ಸಿಸ್ಟರ್ ಜಯಮ್ಮ. ಸೋಲೂರು ಹೋಬಳಿಯವರೇ. ಗಿಡ್ಡ ದೇಹ, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು, ಸದಾ ಅವಸರದ ನಡಿಗೆ. ಡಾಕ್ಟರು ವಾರಕ್ಕೆರಡು ದಿನ ಬಂದು ಔಷಧಿ ಬರೆದು ಹೋಗುತ್ತಿದ್ದರು. ಉಳಿದದ್ದೆಲ್ಲ ಈಕೆಯದೇ. ಕಟ್ಟಡ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಮನೆ. ಎಂಟು ಮಂಚಗಳು. ಮಂಚ ಮಂಚದ ನಡುವೆ ಮರೆಗೆಂದು ಹಳೇ ಚಂದ್ರಿಕೆಗಳನ್ನು, ಅಂದರೆ ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ನಿಲ್ಲಿಸಿ ಮೇಲೆ ಬಿಳೀ ಬಟ್ಟೆ ಹೊದಿಸಿದ್ದರು.

"ಇದನ್ನ ಡೆಟ್ಟಾಲ್ ಹಾಕಿ ಒರೆಸೋಕಾಗುತ್ತಾ?" ಎಂದು ಕೇಳಿದೆ.

"ಬಟ್ಟೆ ದಿನಾ ಒಗೀತೀವಿ ಮೇಡಂ. ತಟ್ಟಿ ಬಿಸಿಲಿಗೆ ಇಡ್ತೀವಿ. ಗೂಡಿನ ವಾಸನೆ ಇದ್ರೆ ನಮ್ಮೋರಿಗೆ ಆಸ್ಪತ್ರೆ ಅನ್ಸಲ್ಲ" ಎಂದರು ಜಯಮ್ಮ.

ನಾನು ಎರಡು ಅಂಕ ಕಳೆದೆ. ಆದರೆ ಅದರ ಹೊರತು ತಪ್ಪು ಹುಡುಕಲು ನನಗೆ ಕಷ್ಟವೇ ಆಯಿತು. ಯಾರ ಬೆನ್ನಲ್ಲೂ ಹಾಸಿಗೆ ಹುಣ್ಣಿರಲಿಲ್ಲ. ಮಾರ್ಫಿನ್ ಪೆಟ್ಟಿಗೆಗೆ ಎರಡು ಬೀಗ, ಪ್ರತಿ ಸಾಲಿಗೂ ಇಬ್ಬರ ಸಹಿ, ಒಂದು ಮಾತ್ರೆಯೂ ಹೆಚ್ಚುಕಡಿಮೆಯಿಲ್ಲ. ಮಧ್ಯಾಹ್ನ ಜಯಮ್ಮ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ತಪಾಸಣೆಗೆ ಹೋದ ಕಡೆ ಊಟ ಮಾಡಬಾರದೆಂಬ ನನ್ನ ನಿಯಮವನ್ನು ಆ ಸಾರಿನ ವಾಸನೆಯೇ ಮುರಿಯಿತು.

ಊಟದ ನಂತರ ದಾಖಲಾತಿ ರಿಜಿಸ್ಟರ್ ತೆರೆದೆ. ಪುಟ ಮಗುಚುತ್ತ ಹೋದಂತೆ ಕೈ ನಿಧಾನವಾಯಿತು. ‘ಮರಣ’ ಎಂಬ ಕಾಲಂ ಎಲ್ಲ ಪುಟಗಳಲ್ಲೂ ಖಾಲಿ. ಸಾಯುವವರೇ ಬರುವ ಜಾಗದಲ್ಲಿ ವರ್ಷವಿಡೀ ಒಂದೂ ಸಾವಿಲ್ಲ! ಪಕ್ಕದ ‘ಡಿಸ್ಚಾರ್ಜ್’ ಕಾಲಮ್ಮಿನಲ್ಲಿ ಸಾಲು ಸಾಲು ಹೆಸರು. ಮುಂದೆ ಸ್ಥಿತಿ: ಗಂಭೀರ, ಗಂಭೀರ, ಗಂಭೀರ.

ಮುದ್ದೆ ಬಡಿಸಿದ ಕೈಯೇ ಈ ಕೆಲಸ ಮಾಡಿತೇ ಎಂದು ಸಿಟ್ಟಿಗಿಂತ ಹೆಚ್ಚಾಗಿ ಬೇಜಾರಾಯಿತು. ಅಷ್ಟರಲ್ಲಿ ಹೊರಗೆ ವ್ಯಾನಿನ ಬಾಗಿಲು ತೆರೆದ ಸದ್ದು. ಕಿಟಕಿಯಿಂದ ನೋಡಿದರೆ ಐದನೇ ಮಂಚದ ಕೆಂಪಮ್ಮನನ್ನು ಸ್ಟ್ರೆಚರಿಗೆ ಹಾಕುತ್ತಿದ್ದಾರೆ. ಮಾಗಡಿಯಾಚೆಯ ಕಲ್ಯ ಗ್ರಾಮದ ಒಕ್ಕಲು ಮನೆಯಾಕೆ, ಗರ್ಭಕೋಶದ ಕ್ಯಾನ್ಸರ್. ಬೆಳಿಗ್ಗೆ ನನ್ನ ನಮೂನೆ ನೋಡಿ, "ಒಸಿ ಬೇಗ ಬರ್ಕಳವ್ವ, ನಾನು ಮನೀಗೋಗ್ಬೇಕು" ಎಂದು ನಕ್ಕಿದ್ದರು. ಅವರ ನಾಡಿ ನಾನೇ ಹಿಡಿದು ನೋಡಿದ್ದೆ. ಎರಡು ಮೂರು ದಿನದ ಮಾತು ಎಂದು ಗೊತ್ತಿತ್ತು.

ಓಡಿಹೋಗಿ ಸ್ಟ್ರೆಚರ್ ಮುಂದೆ ನಿಂತೆ. "ನನ್ನ ತಪಾಸಣೆ ಮುಗಿಯೋವರೆಗೂ ಇಲ್ಲಿಂದ ಒಬ್ಬ ರೋಗೀನೂ ಹೊರಗೆ ಹೋಗಬಾರದು" ಎಂದೆ.

ಜಯಮ್ಮ ಏನೋ ಹೇಳಲು ಬಂದರು. ನಾನು ಕೈಯೆತ್ತಿ ತಡೆದೆ. ಮಲಗಿದ್ದಲ್ಲಿಂದಲೇ ಕೆಂಪಮ್ಮ ನನ್ನ ಸೀರೆಯ ಸೆರಗು ಹಿಡಿದರು.

"ಯಾಕವ್ವ, ನಾನೇನು ತಪ್ ಮಾಡ್ದೆ? ಆ ಮನೆ ಪಾಯಕ್ಕೆ ಕಲ್ಲು ಹೊತ್ತೋಳು ನಾನು. ಇಲ್ಲೇ ಉಸ್ರು ನಿಂತೋದ್ರೆ ನನ್ನ ಒಳೀಕೆ ಬುಡಾಕಿಲ್ಲ. ಊರಾಚೆ ಮರದಡೀಲಿ ಮಲಗಿಸ್ತಾರೆ."

ಹೊರಗೆ ಸತ್ತವರ ದೇಹವನ್ನು ಮನೆಯೊಳಗಿರಲಿ, ಊರೊಳಗೂ ತರಬಾರದೆಂಬ ಕಟ್ಟಳೆ ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಉಂಟು. ಊರ ಬಾಗಿಲಲ್ಲೇ ಇಳಿಸಿ, ಅಲ್ಲಿಂದಲೇ ಮಣ್ಣಿಗೆ ಒಯ್ಯುತ್ತಾರೆ. ನಾನು ಚನ್ನಪಟ್ಟಣದವಳು. ಇದು ನನಗೆ ಗೊತ್ತಿರಲಿಲ್ಲ ಎಂದರೆ ಶುದ್ಧ ಸುಳ್ಳಾದೀತು. ಗೊತ್ತಿದ್ದೂ, "ಈ ಕಾಲದಲ್ಲಿ ಅದೆಲ್ಲ ಯಾಕಮ್ಮ? ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು" ಎಂದು ಸೆರಗು ಬಿಡಿಸಿಕೊಂಡೆ. ಆಕೆಯ ಗಂಡ ಹೊಂಬೇಗೌಡರು ಹೆಗಲ ಮೇಲಿನ ಟವೆಲು ಕೊಡವಿ, "ಇರ್ಲಿ ಬುಡಿ ಅಮ್ಮಾರೆ. ನಾಳಿಕೆ ಬತ್ತೀನಿ" ಎಂದರು. ಜಗಳವಾಡಲಿಲ್ಲ. ಸರ್ಕಾರದವರ ಮಾತಿಗೆ ಎದುರಾಡಿ ಅವರಿಗೆ ಅಭ್ಯಾಸವಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಕೆಂಪಮ್ಮ ಮಾತು ನಿಲ್ಲಿಸಿದ್ದರು. ಉಸಿರು ಎಳೆದು ಎಳೆದು ಬರುತ್ತಿತ್ತು. ಜಯಮ್ಮ ನನ್ನ ಮೇಜಿನ ಮೇಲೆ ದಪ್ಪ ರಟ್ಟಿನ ಒಂದು ಪುಸ್ತಕವಿಟ್ಟು ಪಕ್ಕದಲ್ಲಿ ನಿಂತರು. ಕಣ್ಣು ಊದಿಕೊಂಡಿತ್ತು. ತೆರೆದು ಓದತೊಡಗಿದೆ.

ರಿಜಿಸ್ಟರಿನಲ್ಲಿ ಡಿಸ್ಚಾರ್ಜ್ ಎಂದಿದ್ದ ಪ್ರತಿ ಹೆಸರಿಗೂ ಅದರಲ್ಲಿ ಒಂದೆರಡು ಪುಟಗಳಿದ್ದವು. ವ್ಯಾನು ಹೊರಟ ಹೊತ್ತು, ದಾರಿಯಲ್ಲಿ ಕೊಟ್ಟ ಔಷಧಿ, ಮನೆ ಸೇರಿದ ಹೊತ್ತು. ಅಲ್ಲಿಂದ ಮುಂದೆ ಗಂಟೆಗಂಟೆಯ ನಾಡಿ, ನೋವಿನ ಮಟ್ಟ, ಬಾಯಿ ಒರೆಸಿದ್ದು, ಮಗ್ಗುಲು ಬದಲಿಸಿದ್ದು. ಕೊನೆಯ ಸಾಲಿನಲ್ಲಿ ಉಸಿರು ನಿಂತ ಹೊತ್ತು, ಕೆಳಗೆ ಜಯಮ್ಮನ ಸಹಿ. ಕೆಲವು ಕಡೆ ಅವರು ಮೂರು ದಿನ ರೋಗಿಯ ಮನೆಯಲ್ಲೇ ಉಳಿದಿದ್ದರು. ನಮ್ಮ ದೊಡ್ಡ ಆಸ್ಪತ್ರೆಯ ಕೇಸ್ ಶೀಟುಗಳೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ.

"ಇದನ್ನ ನಿನ್ನೇನೇ ಯಾಕಮ್ಮ ತೋರಿಸಲಿಲ್ಲ?" ಎಂದೆ.

"ನೀವು ಆಸ್ಪತ್ರೆ ಪುಸ್ತಕ ಕೇಳಿದ್ರಿ ಮೇಡಂ. ಇದು ಮನೆ ಪುಸ್ತಕ. ಅವ್ರವ್ರ ಮನೇಲಿ ಆಗಿದ್ದನ್ನ ಸರ್ಕಾರಕ್ಕೆ ತೋರ್ಸೋದು ಸರಿಯಲ್ಲ ಅಂತ ಎತ್ತಿಟ್ಟಿದ್ದೆ. ನಮ್ದೇ ತಪ್ಪು."

ಅವರ ತಪ್ಪು ಅಷ್ಟೇ. ನನ್ನದು ದೊಡ್ಡದಿತ್ತು. ಹನ್ನೆರಡು ವರ್ಷ ಹಿಂದೆ ನಮ್ಮ ತಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮನೆಗೆ ಕರೆದೊಯ್ಯೋಣ ಎಂದು ಅಮ್ಮ ಮೂರು ಸಲ ಕೇಳಿದ್ದಳು. ಮನೆಯಲ್ಲಿ ನಾನೊಬ್ಬಳೇ ನರ್ಸು. ನನ್ನ ಮಾತೇ ನಡೆಯಿತು. ಕೊನೆಗೆ ಅವರನ್ನು ಬೀದಿಯ ಹೊಂಗೆ ಮರದ ಕೆಳಗೆ ಇಳಿಸಿದರು. ಎದುರಿಗೇ ಅವರು ಕೂತು ಪೇಪರ್ ಓದುತ್ತಿದ್ದ ಜಗುಲಿ. ಅಮ್ಮ ಹೊಸಿಲಲ್ಲಿ ನಿಂತು ನೋಡುತ್ತಿದ್ದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅದನ್ನೆಲ್ಲ ಎಲ್ಲೋ ತುರುಕಿಟ್ಟು ಮರೆತಿದ್ದೆ. ಆ ಪುಸ್ತಕದ ಮುಂದೆ ಕೂತು ಅತ್ತೆ. ಸೂಪರಿಂಟೆಂಡೆಂಟ್ ಅಳುವುದನ್ನು ಜಯಮ್ಮ ನೋಡಿಯೂ ನೋಡದವರಂತೆ ಕಿಟಕಿ ಒರೆಸುತ್ತಿದ್ದರು.

"ವ್ಯಾನು ತೆಗೆಸಿ, ನಾನೂ ಬರ್ತೀನಿ" ಎಂದು ಎದ್ದೆ.

ಮಾಗಡಿಯವರೆಗೆ ರಸ್ತೆ ಚೆನ್ನಾಗಿತ್ತು. ಆಮೇಲೆ ಬರೀ ಗುಂಡಿಗಳು. ಒಂದು ಕೈಯಲ್ಲಿ ಕೆಂಪಮ್ಮನ ತಲೆ, ಇನ್ನೊಂದು ಕೈಯಲ್ಲಿ ನಾಡಿ ಹಿಡಿದು ಕೂತಿದ್ದೆ. ಜಯಮ್ಮ ಚರ್ಮದಡಿಗೆ ಮಾರ್ಫಿನ್ ಇಂಜೆಕ್ಷನ್ ಕೊಟ್ಟರು. ಹೊಂಬೇಗೌಡರು ಡ್ರೈವರಿಗೆ, "ಒಸಿ ಬೇಗ ಕಣ್ಲಾ" ಎಂದರು. ಮರುಕ್ಷಣವೇ, "ಮೆಲ್ಲಕೆ ಬುಡ್ಲಾ, ಅವಳ್ಗೆ ನೋಯ್ತದೆ" ಎಂದರು. ದಾರಿಯುದ್ದಕ್ಕೂ ಇವೆರಡೇ ಮಾತು. ಮೂವತ್ತು ವರ್ಷ ಕೆಲಸ ಮಾಡಿದ ನಾನು ಒಬ್ಬ ರೋಗಿ ಬದುಕಲಿ ಎಂದಲ್ಲ, ಇನ್ನರ್ಧ ಗಂಟೆ ಇರಲಿ ಎಂದು ದೇವರನ್ನು ಬೇಡಿಕೊಂಡದ್ದು ಅದೇ ಮೊದಲು.

ಕಲ್ಯ ತಲುಪಿದಾಗ ಉಸಿರಿತ್ತು. ನಡುಮನೆಯಲ್ಲಿ ಚಾಪೆ ಹಾಸಿತ್ತು. ಹೊಸಿಲು ದಾಟಿಸುವಾಗ ಜಯಮ್ಮ ಆಕೆಯ ಕಿವಿಯ ಹತ್ತಿರ ಬಾಗಿ, "ಅವ್ವಾ, ಮನೀಗ್ ಬಂದ್ವಿ ಕಣವ್ವ" ಎಂದರು. ಕೆಂಪಮ್ಮ ಕಣ್ಣು ತೆರೆಯಲಿಲ್ಲ. ಚಾಪೆಯ ಮೇಲೆ ಮಲಗಿಸಿದ ಮೇಲೆ ಬಲಗೈ ಮಾತ್ರ ಚಾಪೆಯಾಚೆ ಸರಿದು ನೆಲವನ್ನು ಮುಟ್ಟಿ ಅಲ್ಲೇ ನಿಂತಿತು. ಮಗಳು ಬಾಯಿಗೆ ನೀರು ಬಿಟ್ಟಳು. ಒಂದು ಗುಟುಕು ಒಳಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ, ನೋವಿನ ಒಂದು ಗೆರೆಯೂ ಮುಖದಲ್ಲಿಲ್ಲದೆ, ಉಸಿರು ನಿಂತಿತು. ಜಯಮ್ಮ ಮನೆ ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕಿದರು. ಕೆಳಗೆ ನಾನೂ ಸಹಿ ಮಾಡಿದೆ.

ಹೊರಗೆ ಜಗುಲಿಯಲ್ಲಿ ಹೊಂಬೇಗೌಡರು ಕೂತಿದ್ದರು. ಹೋಗಿ ಅವರ ಪಕ್ಕದಲ್ಲಿ ಕೂತೆ. ಅವರೇ ಮಾತಾಡಿದರು.

"ಒಳೀಕೆ ಬಂದ್ಲಲ್ಲ, ಸಾಕು ಬುಡಿ. ನೆನ್ನೆ ಆಗಿದ್ರೆ ಮಾತಾಡೋಳು. ಊರೋರೆಲ್ಲ ಮಾತಾಡುಸ್ಬೇಕು ಅಂತ ಇಲ್ಲೇ ಕಾಯ್ಕಂಡ್ ಕೂತಿದ್ರು. ಹೊತ್ತು ಮುಳುಗೋಗಂಟ ಕೂತಿದ್ದು ಎದ್ದೋದ್ರು."

ಆ ದನಿಯಲ್ಲಿ ದೂರಿರಲಿಲ್ಲ. ದೂರಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ರಾಮನಗರಕ್ಕೆ ಬಂದು ವರದಿ ಬರೆಯಲು ಕೂತೆ. ಮೂವತ್ತೇಳನೇ ಪ್ರಶ್ನೆಗೆ ‘ಹೌದು’ ಎಂದೇ ಬರೆದೆ. ಕೆಳಗೆ, ‘ರೋಗಿಯ ಜೊತೆಗೆ ಸಿಸ್ಟರೂ ಔಷಧಿಯೂ ಹೋಗಿರುವುದರಿಂದ ಇದನ್ನು ಹೊರಗೆ ಕಳಿಸುವುದೆಂದು ಪರಿಗಣಿಸಬಾರದು. ಪರವಾನಗಿಗೆ ಬಲವಾಗಿ ಶಿಫಾರಸು ಮಾಡುತ್ತೇನೆ’ ಎಂದು ಸೇರಿಸಿ, ಮನೆ ಪುಸ್ತಕದ ಕೆಲವು ಪುಟಗಳನ್ನು ಹೆಸರು ಮರೆಮಾಡಿ ಲಗತ್ತಿಸಿದೆ. ಚಂದ್ರಿಕೆಗೆ ಕಳೆದ ಎರಡು ಅಂಕಗಳನ್ನು ವಾಪಸ್ ಕೊಟ್ಟೆ. ಮೇಲಿನವರು ಎರಡು ಸಲ ಕರೆಸಿ ಪ್ರಶ್ನೆ ಕೇಳಿದರಾದರೂ ಪರವಾನಗಿ ಮುಂದುವರಿಯಿತು.

ಆಮೇಲೂ ಎಷ್ಟೋ ಸಲ ಸಾರಿನ ನೆಪ ಮಾಡಿಕೊಂಡು ಅಲ್ಲಿಗೆ ಹೋಗಿದ್ದೇನೆ. ಈಗ ಜಯಮ್ಮನಿಗೂ ವಯಸ್ಸಾಗಿದೆ, ತುರುಬು ಪೂರ್ತಿ ಬೆಳ್ಳಗಾಗಿದೆ. ಮಾಗಡಿ ರಸ್ತೆ ಅಗಲವಾಗಿ ಬಸ್ಸುಗಳು ಭರ್ರನೆ ಹೋಗುತ್ತವೆ. ಹಾಲಿನ ಕ್ಯಾನುಗಳ ನಡುವೆ ಕಾಲು ಮಡಚಿ ಕೂತು, ಬಂಡೆ ಯಾವಾಗ ಕಂಡೀತೆಂದು ಕಾಯುತ್ತಿದ್ದ ಆ ಪ್ರಯಾಣ ನನಗೆ ಈಗಲೂ ಬೇಕೆನಿಸುತ್ತದೆ. ಕೆಲಸ ನನಗೆ ಕಲಿಸಿದ್ದು ಇಷ್ಟು: ತಪಾಸಣೆಗೆ ಹೋದ ಕಡೆ ರಿಜಿಸ್ಟರ್ ಕೇಳುವ ಮೊದಲು, ಇವತ್ತು ಇಲ್ಲಿ ಯಾರು ಏನಕ್ಕಾಗಿ ಕಾಯುತ್ತಿದ್ದಾರೆ ಎಂದು ಕೇಳಬೇಕು. ನಿವೃತ್ತಿಯಾಗುವವರೆಗೂ ಹಾಗೇ ಕೇಳಿದೆ.

ಅಂದಿನ ಆ ವರದಿಯ ಕೊನೆಯಲ್ಲಿ ‘ಕಂಡುಬಂದ ಲೋಪಗಳು’ ಎಂಬ ಜಾಗವಿತ್ತು. ಅಲ್ಲಿ ನಾನು ಬರೆದದ್ದು ಒಂದೇ ಲೋಪ: ‘ಒಬ್ಬ ರೋಗಿಯನ್ನು ಮನೆ ತಲುಪಿಸುವಲ್ಲಿ ಒಂದು ದಿನ ವಿಳಂಬ. ಕಾರಣ: ತಪಾಸಣಾಧಿಕಾರಿ.’ ವಾರದೊಳಗೆ ಆ ಹಾಳೆ ಕಚೇರಿಯಿಂದ ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಟಿಪ್ಪಣಿ: ‘ಇದು ಸಂಸ್ಥೆಯ ಲೋಪಗಳಿಗೆ ಮೀಸಲಾದ ಜಾಗ. ತಿದ್ದಿ ಕಳಿಸಿ.’ ಸರ್ವಿಸಿನುದ್ದಕ್ಕೂ ಅದೆಷ್ಟು ಜನರ ಬರಹದ ಮೇಲೆ ನಾನೇ ಆ ಮಾತು ಬರೆದಿದ್ದೆನೋ. ಹಾಳೆಯನ್ನು ಇನ್ನೊಂದು ಸಲ ಓದಿ, ಒಂದಕ್ಷರವನ್ನೂ ತಿದ್ದದೆ, ಅದೇ ಕವರಿನಲ್ಲಿ ಹಾಕಿ ವಾಪಸ್ ಕಳಿಸಿದೆ.