ತಾತನ ಡಬ್ಬಿ, ಮೊಮ್ಮಗನ ಮುಚ್ಚಳ

ನಮ್ಮ ಅಡುಗೆಮನೆಯಲ್ಲಿ ಎರಡು ಸ್ಟೀಲ್ ಡಬ್ಬಿಗಳಿವೆ. ಎತ್ತರ ಒಂದೇ, ಹೊಳಪು ಹೆಚ್ಚುಕಡಿಮೆ ಒಂದೇ, ಹೊಟ್ಟೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರೂ ಒಂದೇ: ಕೆ. ರಾಘವೇಂದ್ರ. ಮದರಾಸಿನ ಮನೆಗಳಲ್ಲಿ ಹೆಸರಿಲ್ಲದ ಪಾತ್ರೆಗೆ ಮರ್ಯಾದೆಯಿಲ್ಲ ಎಂಬುದು ನಿಮಗೂ ಗೊತ್ತಿರಬಹುದು. ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಕೊಡುವವರು ಟಿ. ನಗರದ ಪಾತ್ರೆ ಅಂಗಡಿಯಲ್ಲಿ ನಿಂತು, ಹೆಸರು ಕೊರೆಯುವವನ ಕೈಗೆ ತಮ್ಮ ಹೆಸರಿನ ಚೀಟಿ ಕೊಟ್ಟು, ಒಂದಕ್ಷರವೂ ತಪ್ಪದಂತೆ ಕಾವಲು ಕಾದು, ಆಮೇಲೆಯೇ ಮಂಟಪದ ದಾರಿ ಹಿಡಿಯುತ್ತಾರೆ. ಹೀಗಾಗಿ ನಮ್ಮ ಮನೆಯ ತಟ್ಟೆ ಲೋಟಗಳನ್ನು ಸಾಲಾಗಿ ಜೋಡಿಸಿದರೆ ಮೂರು ತಲೆಮಾರಿನ ಸ್ನೇಹಗಳನ್ನು ಓದಿಬಿಡಬಹುದು. ಈ ಎರಡು ಡಬ್ಬಿಗಳನ್ನು ಮಾತ್ರ ನಾನು ಎಂದೂ ಬೇರೆಬೇರೆ ಎಂದು ಬಗೆದವಳಲ್ಲ. ರೈಲ್ವೆಯಲ್ಲಿ ನಮ್ಮ ತಾತನ ಜೊತೆ ಕೆಲಸಕ್ಕಿದ್ದ ರಾಘವೇಂದ್ರರಾಯರು ಕೊಟ್ಟ ಜೋಡಿ ಅದು ಎಂದೇ ನಂಬಿದ್ದೆ. ಕೆಲವು ದಿನ ಮುಚ್ಚಳ ಸಲೀಸಾಗಿ ಕೂರುತ್ತಿತ್ತು, ಕೆಲವು ದಿನ ಎಷ್ಟು ಒತ್ತಿದರೂ ಕೂರುತ್ತಿರಲಿಲ್ಲ. ಅದನ್ನು ಡಬ್ಬಿಯ ಮುನಿಸು ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಇನ್ನು ನನ್ನ ಕಸುಬಿನ ವಿಷಯ. ನುಂಗಂಬಾಕ್ಕಂನ ಒಂದು ಕಚೇರಿಯಲ್ಲಿ ಕುಳಿತು ಮಾಹಿತಿಯನ್ನು ಹಳೆಯ ಮನೆಯಿಂದ ಹೊಸ ಮನೆಗೆ ಸಾಗಿಸುವುದು ನನ್ನ ಕೆಲಸ. ಹಳೆಯ ಮನೆಯೆಂದರೆ ಟೇಬಲ್ಲುಗಳು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಸಾಲು, ಒಂದು ಸಂಖ್ಯೆ. ಯಾರು ಯಾರ ಮಗನೆಂದು ತಿಳಿಯಬೇಕಾದರೆ ಒಂದು ಟೇಬಲ್ಲಿನ ಸಂಖ್ಯೆಯನ್ನು ಹಿಡಿದುಕೊಂಡು ಹೋಗಿ ಇನ್ನೊಂದರ ಬಾಗಿಲು ತಟ್ಟಬೇಕು. ಹೊಸ ಮನೆಯೆಂದರೆ ಗ್ರಾಫ್ ಡೇಟಾಬೇಸ್. ಅಲ್ಲಿ ಮನುಷ್ಯ ಒಂದು ಚುಕ್ಕಿ, ಸಂಬಂಧ ಒಂದು ಗೆರೆ. ಬಾಗಿಲ ಮುಂದೆ ಚುಕ್ಕಿ ರಂಗೋಲಿ ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಈ ಸಾಗಾಟದಲ್ಲಿ ನಾನು ನುರಿತವಳು. ವಿನಯ ತೋರಬೇಕೆಂದು ಸುಳ್ಳು ಹೇಳಲಾರೆ.

ನಮ್ಮ ಕನ್ನಡ ಸಂಘದವರು ಸದಸ್ಯರ ಪಟ್ಟಿಯನ್ನು ನನ್ನ ಕೈಗೆ ಕೊಟ್ಟದ್ದು ಈ ಹೆಮ್ಮೆಯ ಸುದ್ದಿ ಅವರ ಕಿವಿಗೂ ಬಿದ್ದಿದ್ದರಿಂದಲೇ. ಒಂದು ಟೇಬಲ್ಲಿನಲ್ಲಿ ಹೆಸರು, ಇನ್ನೊಂದರಲ್ಲಿ ತಂದೆಮಕ್ಕಳು, ಮತ್ತೊಂದರಲ್ಲಿ ರಕ್ತದ ಗುಂಪು, ಕೊನೆಯದರಲ್ಲಿ ತೀರಿಕೊಂಡವರು. ಯಾರಿಗಾದರೂ ರಕ್ತ ಬೇಕಾದಾಗ ಹತ್ತಿರದಲ್ಲಿ ಯಾರಿದ್ದಾರೆಂದು ಥಟ್ಟನೆ ತಿಳಿಯಬೇಕು, ಅಷ್ಟೇ ಅವರ ಬೇಡಿಕೆ. ಒಂದೇ ಭಾನುವಾರದಲ್ಲಿ ಮುಗಿಸಿದೆ. ಸದಸ್ಯರ ಸಂಖ್ಯೆಗಳನ್ನು ಮಾತ್ರ ಹಿಂದೆಯೇ ಬಿಟ್ಟುಬಂದೆ. ಮನುಷ್ಯನಿಗೆ ಹೆಸರಿದೆ, ಗೆರೆಗಳಿವೆ, ನಂಟರಿದ್ದಾರೆ. ಬಡಪಾಯಿ ಸಂಖ್ಯೆಗೇನು ಕೆಲಸ ಎಂಬುದು ನನ್ನ ವಾದ. ಒಂದೇ ಇನಿಷಿಯಲ್, ಒಂದೇ ಹೆಸರು ಎರಡು ಕಡೆ ಕಂಡರೆ ಅದು ಒಬ್ಬರೇ ಎಂದು ಭಾವಿಸಿ ಒಂದೇ ಚುಕ್ಕಿ ಇಡುವಂತೆ ಕಂಪ್ಯೂಟರಿಗೆ ಅಪ್ಪಣೆ ಮಾಡಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಲ್ಲಿ ಹೆಂಗಸರಿಗೆ ವಿನಾಯಿತಿಯಿದೆ ಎಂದು ಯಾರೂ ಹೇಳಿಲ್ಲ.

ಅದಾಗಿ ಒಂದು ತಿಂಗಳಿಗೆ ಕಮಲತ್ತೆ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಕಮಲತ್ತೆ ಎಂದರೆ ನನ್ನ ಸೋದರತ್ತೆ. ನನ್ನ ತಾಯಿ ಹೋದಮೇಲೆ ನನಗೆ ತಲೆ ಬಾಚಿ, ಊಟ ಬಡಿಸಿ, ಬೈದು ಬೆಳೆಸಿದವಳು. ಶಸ್ತ್ರಚಿಕಿತ್ಸೆ ನಾಳಿದ್ದು ಎಂದರು ಆಸ್ಪತ್ರೆಯವರು. ಅವಳ ರಕ್ತ ಓ ನೆಗೆಟಿವ್, ಸುಲಭವಾಗಿ ಸಿಕ್ಕುವಂಥದ್ದಲ್ಲ. ಒಂದು ಬಾಟಲಿ ಅವರಲ್ಲಿತ್ತು, ಇನ್ನೊಂದನ್ನು ನಾವು ಹೊಂದಿಸಬೇಕಿತ್ತು. ನಾನು ಧೈರ್ಯವಾಗಿಯೇ ನನ್ನ ರಂಗೋಲಿಯನ್ನು ಕೇಳಿದೆ: ಅತ್ತೆಯನ್ನು ಬಿಟ್ಟು ಈ ಊರಿನಲ್ಲಿ ಬದುಕಿರುವ ಓ ನೆಗೆಟಿವ್ ಸದಸ್ಯರು ಯಾರು? ಯಾರೂ ಇಲ್ಲ ಎಂದಿತು. ಮತ್ತೆ ಕೇಳಿದೆ, ಅದೇ ಉತ್ತರ. ಅಂದು ನನಗೆ ನಿಜವಾಗಿ ಭಯವಾಯಿತು. ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ, ಸಂಜೆಯವರೆಗೂ ಮಾಡಿದೆ, ಏನೂ ಗಿಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅವಳಿಗೆಂದು ಮೆಣಸಿನ ಸಾರು ಮಾಡಿ, ಕೈಗೆ ಸಿಕ್ಕ ಡಬ್ಬಿಗೆ ತುಂಬಿ, ಕೈಗೆ ಸಿಕ್ಕ ಮುಚ್ಚಳ ಒತ್ತಿ ಆಸ್ಪತ್ರೆಗೆ ಓಡಿದೆ. ಆಟೋದ ಒಂದೊಂದು ಕುಲುಕಿಗೂ ಸಾರು ಸೋರಿ, ಚೀಲ ಒದ್ದೆಯಾಗಿ, ಸೀರೆಯ ನೆರಿಗೆಯವರೆಗೂ ಇಳಿದಿತ್ತು. ಕಮಲತ್ತೆ ನೋವಿನಲ್ಲೂ ಡಬ್ಬಿಯನ್ನು ತಿರುಗಿಸಿ ನೋಡಿದಳು.

“ಏನೇ ಇದು, ತಾತನ ಡಬ್ಬಿಗೆ ಮೊಮ್ಮಗನ ಮುಚ್ಚಳ ಹಾಕ್ಕೊಂಡು ಬಂದಿದೀಯ? ಹೇಗೇ ಕೂತೀತು?”

ಯಾವ ಮೊಮ್ಮಗ ಎಂದು ಕೇಳಿದೆ. ಅವಳಿಗೆ ನನ್ನ ದಡ್ಡತನದ ಮೇಲೆ ಕನಿಕರ ಬಂತು.

“ನಮ್ಮ ಅಪ್ಪು ಕಣೇ, ಕ್ರೋಂಪೇಟೆ ಅಪ್ಪು. ಅವನೂ ರಾಘವೇಂದ್ರನೇ ತಾನೇ? ತಾತನ ಹೆಸರನ್ನ ಮೊಮ್ಮಗನಿಗೆ ಇಡದೆ ಇನ್ಯಾರಿಗೆ ಇಡ್ತಾರೆ?”

ದಪ್ಪ ತಗಡಿನ ಭಾರದ ಡಬ್ಬಿ ಅವಳ ಮದುವೆಗೆ ರಾಘವೇಂದ್ರರಾಯರು ಕೊಟ್ಟದ್ದಂತೆ. ಹಗುರಾದದ್ದು ಅವರ ಮೊಮ್ಮಗ ಮೊದಲ ಸಂಬಳದಲ್ಲಿ ಅವಳಿಗೆಂದು ತಂದದ್ದಂತೆ. ಅವನನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಆದರೆ ಅಪ್ಪು ಎಂದಷ್ಟೇ ಬಲ್ಲೆ. ಕೃಷ್ಣಮೂರ್ತಿಯ ಮಗ ರಾಘವೇಂದ್ರ, ರಾಘವೇಂದ್ರರ ಮಗ ಕೃಷ್ಣಮೂರ್ತಿ, ಅವರ ಮಗ ಮತ್ತೆ ರಾಘವೇಂದ್ರ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಹೆಸರೂ ಇನಿಷಿಯಲ್ಲೂ ಚಾಚೂ ತಪ್ಪದೆ ಮರಳಿ ಬರುವ ಮನೆತನ ಅದು. ಅಲ್ಲೇ ಹಾಸಿಗೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದೆ. ನಾಲ್ಕು ತಲೆಮಾರುಗಳು ನನ್ನ ಕೈಯಲ್ಲಿ ಎರಡೇ ಚುಕ್ಕಿಗಳಾಗಿದ್ದವು, ಒಬ್ಬನಿಗೆ ಇನ್ನೊಬ್ಬ ತಂದೆ, ಆ ಇನ್ನೊಬ್ಬನಿಗೆ ಇವನೇ ತಂದೆ. ಮೊಮ್ಮಗನ ಓ ನೆಗೆಟಿವ್ ರಕ್ತವೂ ತಾತ ತೀರಿಕೊಂಡ ದಿನಾಂಕವೂ ಒಂದೇ ಚುಕ್ಕಿಯ ಹೆಗಲೇರಿದ್ದವು. ಬದುಕಿರುವವರನ್ನು ಮಾತ್ರ ತೋರಿಸು ಎಂದಾಗ ಕಂಪ್ಯೂಟರ್ ಪ್ರಾಮಾಣಿಕವಾಗಿ ಅಪ್ಪುವನ್ನು ಬಿಟ್ಟುಬಿಟ್ಟಿತ್ತು. ಆಗಿದ್ದನ್ನು ಮುಚ್ಚಿಡದೆ ಅತ್ತೆಗೆ ಹೇಳಿದೆ.

“ಅಯ್ಯೋ ಪಾವಂ, ಚೆನ್ನಾಗಿರೋ ಹುಡುಗನ್ನ ಸಾಯಿಸಿಬಿಟ್ಟಿಯೇನೇ? ಶರಿ, ಮೊದಲು ಅವನನ್ನ ಬದುಕಿಸು. ಆಮೇಲೆ ನನ್ನ ನೋಡ್ಕೊಳ್ಳುವೆಯಂತೆ.”

ಫೋನ್ ಮಾಡಿದೆ. ಅಪ್ಪು ಈಗ ಊರಂಚಿನ ಕ್ರೋಂಪೇಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಪೈಕಿ. ತರಗತಿಯನ್ನು ಯಾರಿಗೋ ಒಪ್ಪಿಸಿ ರೈಲು ಹತ್ತಿ ಬಂದು, ತೋಳು ಚಾಚಿ ರಕ್ತ ಕೊಟ್ಟ. ತಿಂಗಳಿಡೀ ಅವನನ್ನು ಸತ್ತವರ ಸಾಲಿನಲ್ಲಿ ಇಟ್ಟಿದ್ದಕ್ಕೆ ಕ್ಷಮೆ ಕೇಳಿದಾಗ “ಪರವಾಯಿಲ್ಲೆ ಅಕ್ಕಾ” ಎಂದು ನಕ್ಕ, ಅಷ್ಟೇ. ಅತ್ತೆಯ ಶಸ್ತ್ರಚಿಕಿತ್ಸೆ ಹೇಳಿದ ದಿನವೇ ನಡೆಯಿತು. ಅವಳು ಕಣ್ಣು ತೆರೆದಾಗ ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಆಮೇಲೆ ಕುಳಿತು ಇಡೀ ಪಟ್ಟಿಯನ್ನು ಮತ್ತೆ ಸಾಗಿಸಿದೆ, ಈ ಬಾರಿ ಸಂಖ್ಯೆಗಳ ಸಮೇತ. ಗೆರೆಗಳನ್ನು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ. ಮನುಷ್ಯ ಯಾರಿಗೆ ಏನಾಗಬೇಕು ಎಂಬುದನ್ನು ಹೇಳಲು ಅದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಆದರೆ ಗೆರೆ ಎಳೆಯುವ ಮುನ್ನ ಚುಕ್ಕಿ ತನ್ನ ಜಾಗದಲ್ಲಿ ಒಂಟಿಯಾಗಿ, ಭದ್ರವಾಗಿ ಇರಬೇಕು. ನಾನು ಒಣ ಅಂಕಿಯೆಂದು ಎಸೆದ ಆ ಸಂಖ್ಯೆ ಇಷ್ಟು ವರ್ಷ ಮಾಡುತ್ತಿದ್ದ ಕೆಲಸ ಅದೇ: ನಿನ್ನ ಹೆಸರು ತಾತನದಾಗಿರಬಹುದು, ಮುಖವೂ ಅವನದೇ ಇರಬಹುದು, ಆದರೂ ನೀನು ಬೇರೆ, ನಿನ್ನ ಬಾಳು ಬೇರೆ ಎಂದು ಸದ್ದಿಲ್ಲದೆ ಸಾರುವುದು. ಹೆಸರು ನಮಗೆ ಹಿರಿಯರಿಂದ ಬರುತ್ತದೆ, ಗೆರೆಗಳು ನಂಟರಿಂದ ಬರುತ್ತವೆ. ಕೇವಲ ನಮ್ಮದು ಎನ್ನುವಂಥದ್ದು ಒಂದಾದರೂ ಬೇಡವೇ, ನೀವೇ ಹೇಳಿ. ಅಪ್ಪುವಿಗೆ ಈಗ ಮೂರು ವರ್ಷದ ಮಗನಿದ್ದಾನೆ. ಹೆಸರು ನೀವು ಊಹಿಸಿದಂತೆ ಕೃಷ್ಣಮೂರ್ತಿ. ಅವನನ್ನು ಸೇರಿಸುವಾಗ ಮೊದಲು ಸಂಖ್ಯೆ ಬರೆದು ಆಮೇಲೆ ಹೆಸರು ಬರೆದೆ. ಹಾಗೆಯೇ ಅಪ್ಪುವಿನಿಂದ ಕಮಲತ್ತೆಗೆ ಹೊಸದೊಂದು ಗೆರೆ ಎಳೆದು, ಅದರ ಮೇಲೆ ‘ರಕ್ತ ಕೊಟ್ಟ’ ಎಂದು ಬರೆದೆ. ಹಳೆಯ ಟೇಬಲ್ಲಿನಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ.

ಕಮಲತ್ತೆ ಈಗ ವಾಕರ್ ಹಿಡಿದು ಅಡುಗೆಮನೆಯವರೆಗೆ ಬರುತ್ತಾಳೆ. ಮೊನ್ನೆ ಅಪ್ಪುವಿಗೆ ಸಾರು ಕಳಿಸಬೇಕೆಂದು ಹಟ ಹಿಡಿದು, ಡಬ್ಬಿಯೊಂದನ್ನು ನನ್ನ ಕೈಗಿಟ್ಟು, ಇದು ಯಾರದು ಹೇಳು ಎಂದು ಪರೀಕ್ಷೆ ಮಾಡಿದಳು. ನಾನು ಹೆಸರಿನ ಕಡೆ ನೋಡಲಿಲ್ಲ. ಅಂಗೈಯಲ್ಲಿಟ್ಟು ತೂಗಿದೆ. ಹಗುರವಾಗಿತ್ತು. ಅಪ್ಪುವಿನದು ಎಂದೆ. ಅವಳು ಸಾರು ತುಂಬಿದಳು. ಅದರದೇ ಮುಚ್ಚಳ ಹುಡುಕಿ ಒತ್ತಿ, ಮಾಂಬಲಂನಲ್ಲಿ ರೈಲು ಹತ್ತಿದೆ. ಕ್ರೋಂಪೇಟೆಯಲ್ಲಿ ಇಳಿಯುವವರೆಗೂ ಚೀಲ ಒದ್ದೆಯಾಗಲಿಲ್ಲ.